ಮಗುವಿನ ಪರೀಕ್ಷೆಗೆ ವಿಮೆ ಕಂಪನಿ ‘ಇಲ್ಲ’ ಅಂದರೆ?

ವರ್ಷ ವರ್ಷ ತಪ್ಪದೆ ಕಂತು ಕಟ್ಟಿಸಿಕೊಳ್ಳುವ ವಿಮೆ ಕಂಪನಿ, ಮಗು ಹಾಸಿಗೆ ಹಿಡಿದಾಗ ಕೈ ಎತ್ತಿಬಿಡುತ್ತದೆ ಎಂಬುದು ಪೇಟೆಯ ವ್ಯಾಪಾರಸ್ಥರ ಹಳೇ ಗೊಣಗಾಟ. ಅದರಲ್ಲೂ ರಕ್ತ ಪರೀಕ್ಷೆ, ಸ್ಕ್ಯಾನಿಂಗು ಅಂತ ಸುರಿದ ದುಡ್ಡು ವಾಪಸ್ ಬರುವುದು ಅಪರೂಪ. ಇದರಲ್ಲಿ ಕಂಪನಿಯ ಹಟ ಎಷ್ಟು, ಪಾಲಿಸಿಯ ಸಣ್ಣಕ್ಷರದ ಪಾಲೆಷ್ಟು? ಬಿಡಿಸಿ ನೋಡುವುದು ಒಳ್ಳೆಯದು.

ಒಂದು ಉದಾಹರಣೆ ತೆಗೆದುಕೊಳ್ಳಿ. ಕಿರಾಣಿ ಅಂಗಡಿಯವರೊಬ್ಬರ ಐದು ವರ್ಷದ ಮಗನಿಗೆ ಎರಡು ಸಲ ಫಿಟ್ಸ್ ಬಂತು ಅನ್ನೋಣ. ಡಾಕ್ಟರು ಇಇಜಿ ಮತ್ತು ತಲೆಯ ಎಂಆರ್‌ಐ ಮಾಡಿಸಿ ಅಂದರು. ಅಷ್ಟು ಚಿಕ್ಕ ಮಕ್ಕಳು ಆ ಯಂತ್ರದೊಳಗೆ ಅಲುಗಾಡದೆ ಮಲಗುವುದು ಕಷ್ಟ. ಮಂಪರಿನ ಔಷಧ ಕೊಡಬೇಕಾಗುತ್ತದೆ. ಖರ್ಚು ಏರುತ್ತದೆ. ಆಗ ಯಾರೋ ಬಲ್ಲವರು ಕಿವಿಯಲ್ಲಿ ಊದುತ್ತಾರೆ: “ಅಣ್ಣಾ, ಒಂದು ರಾತ್ರಿ ಅಡ್ಮಿಟ್ ಮಾಡಿಬಿಡಿ, ಎಲ್ಲಾ ಇನ್ಶೂರೆನ್ಸಲ್ಲೇ ಹೋಗುತ್ತೆ.” ಅಡ್ಮಿಟ್ ಆಯಿತು, ಬಿಲ್ ಆಯಿತು. ಆಮೇಲೆ ಬಂದ ಕಾಗದದಲ್ಲಿ ಇದ್ದದ್ದು ಒಂದೇ ಮಾತು: ಕ್ಲೇಮ್ ತಿರಸ್ಕೃತ.

ಎಲ್ಲಿ ಎಡವಿತು?

ಆರೋಗ್ಯ ವಿಮೆಯಲ್ಲಿ ಯಾವುದಕ್ಕೆ ಹಣವಿಲ್ಲ ಎಂಬ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ ರೀತಿ ಇರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಗೊತ್ತುಮಾಡಿತು. ಅದರಲ್ಲಿ 04ನೇ ಕೋಡಿನ ಷರತ್ತು ಪರೀಕ್ಷೆಗಳದ್ದು. ಅದು ಹೇಳುವುದು ಎರಡೇ ಮಾತು. ಮುಖ್ಯವಾಗಿ ಪರೀಕ್ಷೆಗೆಂದೇ ಆಸ್ಪತ್ರೆಗೆ ಸೇರಿದರೆ ಹಣವಿಲ್ಲ. ಈಗಿನ ಕಾಯಿಲೆಗೂ ಚಿಕಿತ್ಸೆಗೂ ಸಂಬಂಧ ಇಲ್ಲದ ಪರೀಕ್ಷೆಗೂ ಹಣವಿಲ್ಲ.

ಇದನ್ನೇ ತಿರುಗಿಸಿ ಓದಿ. ಹುಡುಗ ಫಿಟ್ಸ್ ಬಂದೇ ಆಸ್ಪತ್ರೆಗೆ ಸೇರಿ, ಇಂಜೆಕ್ಷನ್ ಕೊಟ್ಟು, ರಾತ್ರಿಯೆಲ್ಲ ನಿಗಾದಲ್ಲಿಟ್ಟಿದ್ದರೆ ಆ ಪರೀಕ್ಷೆ ಚಿಕಿತ್ಸೆಯ ಭಾಗ. ಅದಕ್ಕೆ ‘ಬರೀ ಪರೀಕ್ಷೆ’ ಅಂತ ಹಣೆಪಟ್ಟಿ ಹಚ್ಚುವುದು ಸರಿಯಲ್ಲ. 2020ರಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿ ಸೇರುವ ಮುಂಚಿನ 30 ದಿನ, ಮನೆಗೆ ಬಂದ ಮೇಲಿನ 60 ದಿನದ ಖರ್ಚೂ ಅದೇ ಕಾಯಿಲೆಯದಾದರೆ ಲೆಕ್ಕಕ್ಕೆ ಬರುತ್ತದೆ. ಆಸ್ಪತ್ರೆಗೆ ಸೇರದೆ, ಹೊರರೋಗಿಯಾಗಿ ಮಾಡಿಸಿದ ಪರೀಕ್ಷೆಗೆ ಮಾತ್ರ, ಪಾಲಿಸಿಯಲ್ಲಿ ಒಪಿಡಿ ಸೌಲಭ್ಯ ಇಲ್ಲದಿದ್ದರೆ, ಸಾಮಾನ್ಯವಾಗಿ ಬಿಡಿಗಾಸೂ ಇಲ್ಲ.

ಹಾಗಾಗಿ ಎಲ್ಲವೂ ನಿಂತಿರುವುದು ಡಿಸ್‌ಚಾರ್ಜ್ ಕಾಗದದ ಮೇಲೆ. ಏನಾಯಿತು, ಯಾವ ಔಷಧ ಕೊಟ್ಟರು, ಪರೀಕ್ಷೆ ಏಕೆ ಬೇಕಾಯಿತು ಎಂಬುದನ್ನು ಡಾಕ್ಟರ ಕೈಲಿ ಪೂರ್ತಿ ಬರೆಸಿಕೊಳ್ಳಬೇಕು. ಆದರೆ ಆಗದ್ದನ್ನು ಬರೆಸಬಾರದು. ಸುಳ್ಳು ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾದೀತು.

ಕಾಗದ ಬಂದ ಮೇಲೆ

ತಿರಸ್ಕಾರದ ಕಾಗದವೇ ಕೊನೆಯ ತೀರ್ಪಲ್ಲ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ, ಕಂಪನಿಯೊಳಗಿನ ಪರಿಶೀಲನಾ ಸಮಿತಿ ಒಪ್ಪದೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ಯಾವ ಷರತ್ತಿನಡಿ ತಳ್ಳಿದ್ದೇವೆ ಅಂತಲೂ ತಿಳಿಸಬೇಕು. ಬರೀ ‘ನಿಯಮದಲ್ಲಿಲ್ಲ’ ಅಂದರೆ “ಯಾವ ನಿಯಮ ಸ್ವಾಮೀ?” ಎಂದು ಬರಹದಲ್ಲೇ ಕೇಳಿ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐಗೆ 155255 ನಂಬರಿನಲ್ಲೂ ದೂರು ಕೊಡಬಹುದು. ಕಂಪನಿ ಒಂದು ತಿಂಗಳಾದರೂ ಬಾಯಿ ಬಿಡದಿದ್ದರೆ, ಇಲ್ಲವೇ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಫೀಜು ಇಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು, ಅಷ್ಟೆ. ಅಲ್ಲಿನ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು. ತೀರ್ಪು ಹಿಡಿಸದಿದ್ದರೆ ದೂರುದಾರರಿಗೆ ಗ್ರಾಹಕರ ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ.

ಹಾಗಂತ ಕ್ಲೇಮ್ ಇತ್ಯರ್ಥ ಆಗಲಿ ಅಂತ ಪರೀಕ್ಷೆಯನ್ನು ಮುಂದಕ್ಕೆ ಹಾಕುವುದು ದೊಡ್ಡ ತಪ್ಪು. ಅರ್ಜಿ ಆರು ತಿಂಗಳು ಕಾಯಬಹುದು, ಮಗುವಿನ ಫಿಟ್ಸ್ ಕಾಯುವುದಿಲ್ಲ. ಕೈಲಿ ಕಾಸಿಲ್ಲದವರು ‘ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ’ದ ಬಗ್ಗೆ ಅಂಗನವಾಡಿಯಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ವಿಚಾರಿಸಬೇಕು. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅದರ ಪಟ್ಟಿಯಲ್ಲಿ ಫಿಟ್ಸ್ ಕೂಡ ಇದೆ. ಮುಂದಿನ ಪರೀಕ್ಷೆ, ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಗೆ ಉಚಿತವಾಗಿ ಕಳಿಸುವ ಏರ್ಪಾಡೂ ಇದೆ.

ಇನ್ನು ಪಾಲಿಸಿ ಇದ್ದವರಿಗೊಂದು ಮಾತು. ಮುಖ್ಯ ಷರತ್ತುಗಳನ್ನೆಲ್ಲ ಸರಳವಾಗಿ ಬರೆದ ಮಾಹಿತಿ ಹಾಳೆಯೊಂದನ್ನು ಕಂಪನಿ ಕೊಡಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೇ ಕೊಡಬೇಕು. ಮುಂದಿನ ಕಂತು ಕಟ್ಟುವ ಮೊದಲು ಏಜೆಂಟರನ್ನು ಕೂರಿಸಿಕೊಂಡು ಕನ್ನಡದ ಹಾಳೆ ಕೇಳಿ. ಪರೀಕ್ಷೆ ಖರ್ಚಿನ ಸಾಲಿನ ಮೇಲೆ ಅವರ ಕೈಲೇ ಬೆರಳಿಡಿಸಿ ಓದಿಸಿಕೊಳ್ಳಿ. ಸಾಮಾನು ತೂಗಿ ನೋಡದೆ ಯಾವ ಅಂಗಡಿಯವನು ತಾನೇ ದುಡ್ಡು ಕೊಟ್ಟಾನು?