ಹುಳಿ ಬಂದರೆ ಒಲೆ ಆರುತ್ತದೆ

ಗೋಬರ್ ಗ್ಯಾಸ್ ಅಂದ ಕೂಡಲೇ ನೆನಪಾಗುವುದು ಹಿತ್ತಲು, ಕೊಟ್ಟಿಗೆ, ಬುಟ್ಟಿಗಟ್ಟಲೆ ಸೆಗಣಿ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1987ರಲ್ಲಿ ಊರಿಗೇ ದೀಪ ಹಚ್ಚಿದ್ದು ಈ ಸೆಗಣಿಯ ಬಲದಿಂದಲೇ. ದನವೇ ಕಾಣದ ಪುಣೆಯ ಮನೆಗಳಲ್ಲಿ ಆ ಗ್ಯಾಸನ್ನು ತಂಗಳನ್ನ, ಹಣ್ಣಿನ ಸಿಪ್ಪೆ, ಗಿರಣಿಯ ಕಸಹಿಟ್ಟಿನಿಂದ ತೆಗೆಯಬಹುದು ಎಂದು ಮಾಡಿ ತೋರಿಸಿದವರು ಡಾ. ಆನಂದ ಕರ್ವೆ. ಇವರು 'ಯುಗಾಂತ' ಬರೆದ ಇರಾವತಿ ಕರ್ವೆಯವರ ಮಗ, ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮೊಮ್ಮಗ. ಓದಿದ್ದು ಸಸ್ಯಶಾಸ್ತ್ರ. 1996ರಲ್ಲಿ ಸಹೋದ್ಯೋಗಿಗಳೊಡನೆ ಪುಣೆಯಲ್ಲಿ ಕಟ್ಟಿದ 'ಆರ್ತಿ' ಎಂಬ ಗ್ರಾಮೀಣ ತಂತ್ರಜ್ಞಾನ ಸಂಸ್ಥೆಗೆ ಈ ಪುಟ್ಟ ಸ್ಥಾವರಕ್ಕಾಗಿ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು.

ಅವರ ಯೋಚನೆ ಬಹಳ ಸರಳ. ಸೆಗಣಿ ಎಂದರೆ ಹಸು ತಿಂದು, ಮೆಲುಕು ಹಾಕಿ, ಸಾರ ಹೀರಿಕೊಂಡ ಮೇಲೆ ಉಳಿದದ್ದು. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಲ್ಲೇ ಇವೆ. ಒಂದು ಹಸು ದಿನಕ್ಕೆ ನೂರಾರು ಲೀಟರ್ ಮೀಥೇನನ್ನು ತೇಗಿ ಹೊರಹಾಕುತ್ತದೆ. ಒಳ್ಳೆಯ ಪಾಲೆಲ್ಲ ಹೀಗೆ ಖರ್ಚಾದ ಮೇಲೆ ಬಂದ ಎಂಜಲನ್ನು ತೊಟ್ಟಿಗೆ ಸುರಿದು ಗ್ಯಾಸ್ ಕೊಡು ಅಂದರೆ ಅದು ಎಷ್ಟು ಕೊಟ್ಟೀತು? ಒಂದು ಕಿಲೋ ಹಸಿ ಸೆಗಣಿಗೆ ಸುಮಾರು 40 ಲೀಟರ್. ಸೆಗಣಿಯ ಐದು ಪಾಲಿನಲ್ಲಿ ನಾಲ್ಕು ಪಾಲು ನೀರೇ, ಅದನ್ನು ಕಳೆದರೂ ಒಣ ಕಿಲೋಗೆ 200 ಲೀಟರ್ ಆಸುಪಾಸು. ಅದೇ ಒಂದು ಕಿಲೋ ಒಣ ಪಿಷ್ಟ ಪೂರ್ತಿ ಕೊಳೆತರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ 800 ಲೀಟರಿನಷ್ಟು ಗ್ಯಾಸ್ ಬರಬೇಕು. ಸೆಗಣಿ ಕರಗಲು ತಿಂಗಳ ಮೇಲೆ ಹಿಡಿಯುತ್ತದೆ, ಅನ್ನ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಹಾಗಾಗಿ ತೊಟ್ಟಿ ಸಣ್ಣದಿದ್ದರೂ ನಡೆಯುತ್ತದೆ.

ಕಟ್ಟುವುದಕ್ಕೆ ಬೇಕಾದ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ನೀರು ತುಂಬುವ ಎರಡು ಪ್ಲಾಸ್ಟಿಕ್ ಟ್ಯಾಂಕುಗಳು ಸಾಕು, ಸಾವಿರ ಲೀಟರಿನದೊಂದು, ಅದರೊಳಗೆ ಕೂರುವಂಥ 750 ಲೀಟರಿನದೊಂದು. ದೊಡ್ಡದರ ನೆತ್ತಿ ಕೊಯ್ದು ನೆಲಕ್ಕಿಡುವುದು, ಚಿಕ್ಕದರ ನೆತ್ತಿ ಕೊಯ್ದು ಅದರೊಳಗೆ ಬೋರಲು ಹಾಕುವುದು. ಒಂದು ಪೈಪಿನಿಂದ ತಿನಿಸು ಒಳಕ್ಕೆ, ಇನ್ನೊಂದರಿಂದ ತುಂಬಿದ ಬಗ್ಗಡ ಹೊರಕ್ಕೆ. ಗ್ಯಾಸ್ ಕೂಡಿದಂತೆ ಮೇಲಿನ ಟ್ಯಾಂಕು ಏಳುತ್ತದೆ, ಒಲೆ ಉರಿದಂತೆ ಇಳಿಯುತ್ತದೆ. ಮೊದಲ ದಿನ ಮಾತ್ರ ಸೆಗಣಿ ಬೇಕು, ಹೆಪ್ಪಿಗೆ. ಮೊದಲ ಸಲ ಕೂಡಿದ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಕಿಡಿ ತಗುಲಿದಾಗ ಸಿಡಿಯುತ್ತದೆ. ಆದ್ದರಿಂದ ಆ ಮೊದಲ ಗ್ಯಾಸನ್ನು ಬೆಂಕಿ ತೋರಿಸದೆ ಬಯಲಿಗೆ ಬಿಟ್ಟುಬಿಡಬೇಕು.

ತೊಟ್ಟಿಯೊಳಗೆ ಇರುವುದು ಎರಡು ಪಂಗಡ. ಮೊದಲನೆಯದು ಬ್ಯಾಕ್ಟೀರಿಯಾ, ಪಿಷ್ಟವನ್ನು ಒಡೆದು ಹುಳಿ ಮಾಡುತ್ತದೆ. ಎರಡನೆಯದು ಆರ್ಕಿಯಾ ಎಂಬ ಬಹಳ ಹಳೆಯ ಕುಲದ ಜೀವಿಗಳು. ಆಮ್ಲಜನಕ ಸೋಕಿದರೆ ಇವು ಉಳಿಯುವುದಿಲ್ಲ, ಹುಳಿಯನ್ನು ತಿಂದು ಮೀಥೇನ್ ಬಿಡುತ್ತವೆ. ಮೊದಲಿನವು ಕೆಲವೇ ತಾಸಿನಲ್ಲಿ ಇಮ್ಮಡಿಯಾಗುತ್ತವೆ, ಎರಡನೆಯವಕ್ಕೆ ದಿನಗಳೇ ಬೇಕು. ಗಣೇಶ ಚೌತಿಯ ಮರುದಿನ ಉಳಿದ ಮೋದಕ, ಅನ್ನ, ಪಾಯಸ ಎಲ್ಲ ಒಟ್ಟಿಗೆ ಸುರಿದರೆ ಹುಳಿ ಮಾಡುವವರ ಕೈ ಮೇಲಾಗಿ, ಹುಳಿ ತಿನ್ನುವವರು ಸೋತು ಕೂರುತ್ತಾರೆ. ಪಿಎಚ್ 7ರ ಆಚೀಚೆ ಇರಬೇಕಾದದ್ದು 6ಕ್ಕಿಂತ ಕೆಳಗಿಳಿದರೆ ಗ್ಯಾಸ್ ನಿಂತಿತು, ನಾತ ಶುರುವಾಯಿತು. ಪರಿಹಾರ ಲಂಘನ: ಕೆಲವು ದಿನ ಏನೂ ಹಾಕದಿರುವುದು, ತುಸು ಸುಣ್ಣದ ನೀರು ಕೊಡುವುದು.

ಇದೇ ಹುಳಿ ಅಡುಗೆಮನೆಯಲ್ಲಿ ಕಾವಲುಗಾರ. ಮೊಸರು, ಇಡ್ಲಿ ಹಿಟ್ಟು ಕೆಡದೆ ನಿಲ್ಲುವುದು ಲ್ಯಾಕ್ಟಿಕ್ ಆಮ್ಲ ಬೇರೆ ಜೀವಿಗಳನ್ನು ಹತ್ತಿರ ಸೇರಿಸದೆ ಇರುವುದರಿಂದ. ಮಾವಿನಮಿಡಿಗೆ ಕಾಯಿಯದೇ ಹುಳಿ ಇದೆ, ಜೊತೆಗೆ ಉಪ್ಪು. ಪಿಎಚ್ 4.6ಕ್ಕಿಂತ ಕೆಳಗೆ ಬೊಟುಲಿಸಮ್ ವಿಷದ ಬ್ಯಾಕ್ಟೀರಿಯಾ ಬೆಳೆಯಲಾರದು. ಹುಳಿಯ ಹಂತದಲ್ಲೇ ಕೊಳೆಯುವಿಕೆಯನ್ನು ನಿಲ್ಲಿಸಿದರೆ ಅದು ಜಾಡಿಯ ವಿದ್ಯೆ, ಹುಳಿಯನ್ನೂ ದಾಟಿಸಿ ಮುಂದಕ್ಕೆ ಕೊಂಡೊಯ್ದರೆ ಇದು ಟ್ಯಾಂಕಿನ ವಿದ್ಯೆ. ಕೆಟ್ಟ ಉಪ್ಪಿನಕಾಯಿಯನ್ನು ಟ್ಯಾಂಕಿಗೆ ಸುರಿಯಬಾರದು ಎನ್ನುವುದೂ ಇದಕ್ಕೇ, ಅದರ ಉಪ್ಪು ಒಳಗಿನವರಿಗೆ ಆಗದು. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯೂ ಆಗದು. ತೆಂಗಿನ ನಾರು, ಕಡ್ಡಿ ಹಾಕಿದರೆ ಹಾಗೆಯೇ ತೇಲುತ್ತವೆ, ಮರದ ಅಂಶ ಅಲ್ಲಿ ಕರಗದು. ಮಾವಿನ ಓಟೆಯೊಳಗಿನ ತಿರುಳು, ಹುಣಸೆಬೀಜ ಪುಡಿ ಮಾಡಿ ಹಾಕಿದರೆ ಮಾತ್ರ ಹಬ್ಬ.

ಒಲೆಯ ಮುಂದೆ ಒಂದು ಸಣ್ಣ ತೊಡಕಿದೆ. ಎಲ್‌ಪಿಜಿ ಉರಿಯಲು ಅದರ ಇಪ್ಪತ್ತೈದು ಪಟ್ಟಿಗೂ ಮೀರಿದ ಗಾಳಿ ಬೇಕು, ಈ ಗ್ಯಾಸಿಗೆ ಆರು ಪಟ್ಟು ಸಾಕು. ಇದರಲ್ಲಿ ಮೀಥೇನ್ ಇರುವುದು ಶೇ. 60ರಷ್ಟು, ಉಳಿದದ್ದು ಬಹುಪಾಲು ಉರಿಯದ ಇಂಗಾಲದ ಡೈಆಕ್ಸೈಡ್. ಒತ್ತಡವೂ ಕಡಿಮೆ. ಹಾಗಾಗಿ ಬರ್ನರಿನ ನಾಝಲ್ ತೂತು ದೊಡ್ಡದು ಮಾಡಿಸಬೇಕು, ಟ್ಯಾಂಕಿನ ಮೇಲೊಂದು ಕಲ್ಲು ಹೇರಬೇಕು. ದಿನಕ್ಕೆ ಅರ್ಧ ಘನಮೀಟರ್ ಗ್ಯಾಸ್ ಬಂದರೆ ಅದು 200 ಗ್ರಾಂ ಎಲ್‌ಪಿಜಿಗಿಂತ ತುಸು ಹೆಚ್ಚಿನದಕ್ಕೆ ಸಮ. ಅಂದರೆ ಸುಮಾರು ಎರಡು ತಿಂಗಳಿಗೊಂದು ಸಿಲಿಂಡರ್ ಉಳಿಯುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಇಷ್ಟು ನಿರೀಕ್ಷಿಸಬೇಡಿ, 35 ಡಿಗ್ರಿಯ ಬಿಸುಪು ಬಯಸುವ ಜೀವಿಗಳವು.

ತರಕಾರಿ ಬೆಳೆಯುವವರಿಗೆ ಗ್ಯಾಸಿಗಿಂತ ಬಗ್ಗಡವೇ ದೊಡ್ಡ ಲಾಭ ಎಂದು ನನ್ನ ಎಣಿಕೆ. ಗ್ಯಾಸಾಗಿ ಹೋಗುವುದು ಇಂಗಾಲ, ಜಲಜನಕ, ಆಮ್ಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಬಹುತೇಕ ಅಲ್ಲೇ ಉಳಿಯುತ್ತವೆ. ನೀರು ಬೆರೆಸಿ ತೆಳ್ಳಗೆ ಮಾಡಿ ಮೆಂತ್ಯ, ಟೊಮೆಟೊ ಕುಂಡಗಳ ಬುಡಕ್ಕೆ ಹಾಕಿದರೆ ಸಾಕು. ಹಸಿಯಾಗಿ ತಿನ್ನುವ ಎಲೆಗಳ ಮೇಲೆ ಮಾತ್ರ ಚಿಮುಕಿಸಬಾರದು.

ಇಷ್ಟೆಲ್ಲ ಇದ್ದೂ ಇದು ಮನೆಮನೆಗೆ ಬರಲಿಲ್ಲ. ನಾಲ್ಕು ಜನರ ಮನೆಯ ಹಸಿಕಸ ಹಲವು ಬಾರಿ ಇದರ ಹೊಟ್ಟೆಗೆ ಸಾಲದು, ಪಕ್ಕದ ಮನೆಯದನ್ನೂ ಕೇಳಬೇಕಾಗುತ್ತದೆ. ದಿನವೂ ಕಲಸಿ ಹಾಕುವ ಕೆಲಸ ಬೇರೆ. ಎರಡು ಟ್ಯಾಂಕುಗಳ ನಡುವಿನ ಸಂದಿಯಿಂದ ಒಂದಿಷ್ಟು ಗ್ಯಾಸ್ ಸೋರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮೀಥೇನ್ ನೂರು ವರ್ಷದ ಲೆಕ್ಕಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಲಶಾಲಿ. ಆದ್ದರಿಂದ ಕೂಡಿದ ಗ್ಯಾಸನ್ನು ಉರಿಸದೆ ಇಟ್ಟುಕೊಳ್ಳುವವರು ಇದನ್ನು ಹಾಕಿಸದಿರುವುದೇ ಮೇಲು.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ತುಂಬಿದ ಟ್ಯಾಂಕಿನ ಭಾರ ಒಂದು ಟನ್, ಅದು ಕೂರುವುದು ಹೆಚ್ಚುಕಡಿಮೆ ಒಂದು ಚದರ ಮೀಟರ್ ಜಾಗದಲ್ಲಿ. ಜನ ಓಡಾಡುವ ತಾರಸಿಯ ಸ್ಲ್ಯಾಬನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಚದರ ಮೀಟರಿಗೆ 150 ಕಿಲೋ ಹೊರೆಗೆ. ಅಂಗಳವಿದ್ದವರು ನೆಲದ ಮೇಲೆ ಹಾಕಿಸಿ. ತಾರಸಿಯೇ ಗತಿ ಅನ್ನುವವರು ಎಂಜಿನಿಯರನ್ನು ಕರೆಸಿ ತೊಲೆ, ಕಂಬ ಎಲ್ಲಿದೆ ನೋಡಿಸದೆ ಟ್ಯಾಂಕು ಏರಿಸಬೇಡಿ. ಮೂರನೇ ಮಹಡಿಯ ಬಾಡಿಗೆ ಮನೆಯವರಿಗೆ ಎರೆಗೊಬ್ಬರದ ಬುಟ್ಟಿಯೇ ಸಾಕು.