ಎಲ್ಲ ಕೆಲಸಕ್ಕೂ ಒಬ್ಬನೇ ಗುತ್ತಿಗೆದಾರ?

ಡಿಪ್ಲೊಮಾ ಮುಗಿಸಿದ ಮಗ ಹೊಸಕೋಟೆ–ಚಿಂತಾಮಣಿ ರಸ್ತೆಯ ನಂದಗುಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆಯುತ್ತೇನೆ ಎನ್ನುತ್ತಾನೆಂದುಕೊಳ್ಳಿ. ಅಪ್ಪ ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತು, ಮಳಿಗೆಗೆ ಅಡ್ವಾನ್ಸೂ ಕೊಟ್ಟದ್ದಾಯಿತು. ಇನ್ನು ಗಾರೆ, ವೈರಿಂಗ್, ಮರಗೆಲಸ, ಬಣ್ಣ. ಒಬ್ಬೊಬ್ಬರನ್ನು ಬೇರೆ ಬೇರೆ ಕರೆದರೆ ಅಗ್ಗವೆಂಬುದು ಮನೆಯವರ ಲೆಕ್ಕ.

ಲೆಕ್ಕ ತಪ್ಪುವುದು ಇಲ್ಲೇ. ಗಾರೆಯವನು ಗೋಡೆ ಮುಗಿಸಿ ಹೋದ ಮೇಲೆ ಎಲೆಕ್ಟ್ರಿಷಿಯನ್ ಬಂದು ಪೈಪು ಕೂರಿಸಲು ಅದೇ ಗೋಡೆ ಕೊರೆಯುತ್ತಾನೆ. ಅದನ್ನು ಮುಚ್ಚಲು ಮತ್ತೆ ಗಾರೆಯವನು ಬೇಕು. ಅವನಾಗಲೇ ಬೇರೆ ಊರಿನಲ್ಲಿ. ತಪ್ಪು ಯಾರದೆಂದು ಕೇಳಿದರೆ ಇಬ್ಬರೂ ಇನ್ನೊಬ್ಬನತ್ತ ಬೆರಳು ತೋರಿಸುತ್ತಾರೆ. ಇತ್ತ ಬಾಗಿಲು ತೆರೆಯದ ಮಳಿಗೆಗೂ ಬಾಡಿಗೆ ಏರುತ್ತದೆ, ಸಾಲಕ್ಕೆ ಬಡ್ಡಿಯೂ.

ಮುಖ್ಯ ಗುತ್ತಿಗೆದಾರನೊಬ್ಬನಿದ್ದರೆ ಈ ಜಗ್ಗಾಟ ಅವನ ತಲೆನೋವು. ಪುಕ್ಕಟೆಯೇನಲ್ಲ, ತನ್ನ ಪಾಲು ಸೇರಿಸಿಯೇ ದರ ಹೇಳುತ್ತಾನೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ದೇವನಹಳ್ಳಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೂ ಲಾರ್ಸನ್ ಅಂಡ್ ಟೂಬ್ರೊ ಮುಖ್ಯ ಗುತ್ತಿಗೆದಾರನಾಗಿತ್ತು. ಅಳತೆ ಬೇರೆ, ಪದ್ಧತಿ ಅದೇ.

ಆದರೆ ಆ ಒಬ್ಬನೇ ಕೈಕೊಟ್ಟರೆ ಎಲ್ಲವೂ ನಿಂತಂತೆ. ಹಾಗಾಗಿ ಬಾಯಿಮಾತು ಬೇಡ. ಯಾವ ಕೆಲಸ, ಯಾವ ಸಾಮಾನು, ಎಂದು ಮುಗಿಯಬೇಕು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಿ. ಮುಂಗಡ ಕಡಿಮೆ ಇರಲಿ. ಕೆಲಸ ಆದಷ್ಟಕ್ಕೆ ಹಣ, ಕಡೆಯ ಕಂತು ದೀಪ, ಫ್ಯಾನು ಎಲ್ಲ ಹಾಕಿ ನೋಡಿದ ಮೇಲೆ. ತಡವಾದರೆ ವಾರಕ್ಕೆ ಇಷ್ಟು ಕಡಿತವೆಂದು ಬರೆದಿದ್ದರೆ, 1872ರ ಭಾರತೀಯ ಕರಾರು ಕಾಯಿದೆಯ 74ನೇ ಕಲಮಿನಡಿ ಆ ಮೊತ್ತ ಮೀರದಂತೆ ನ್ಯಾಯವಾದ ಪರಿಹಾರ ಕೇಳಬಹುದು.

ಸಹಿಗೆ ಮೊದಲು, ಅವನು ಹಿಂದೆ ಮುಗಿಸಿಕೊಟ್ಟ ಒಂದೆರಡು ಅಂಗಡಿಗಳ ಮಾಲೀಕರನ್ನು ಮಾತಾಡಿಸಿ. ಈ ಓಡಾಟಕ್ಕೆ ಮಗನನ್ನೇ ಕಳಿಸಿ.