ಧಾರವಾಡ ಕಲ್ಲು ಧಾರವಾಡದ್ದೇ?

ಧಾರವಾಡ ಪೇಢೆ ಎಂದರೆ ಧಾರವಾಡದಲ್ಲಿ ಹುಟ್ಟಿದ ಪೇಢೆ. ಇದರಲ್ಲಿ ಗೊಂದಲವಿಲ್ಲ. ಆದರೆ ‘ಧಾರವಾಡ ಶಿಲೆ’ ಎನ್ನುವಾಗ ಅದೇ ವಿಶೇಷಣ ಬೇರೆ ಕೆಲಸ ಮಾಡುತ್ತದೆ. ಅದು ಹೇಳುವುದು ಊರನ್ನಲ್ಲ, ಕಲ್ಲಿನ ಕುಲವನ್ನು ಮತ್ತು ವಯಸ್ಸನ್ನು.

ಬಾಳೆಹೊಸೂರನ್ನೇ ತೆಗೆದುಕೊಳ್ಳಿ. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾದಾಗ ಈ ಊರು ಧಾರವಾಡ ಜಿಲ್ಲೆಯಿಂದ ಹೊರಬಂತು. ಕಂದಾಯ ಕಾಗದಗಳಲ್ಲಿ ಜಿಲ್ಲೆಯ ಹೆಸರು ಬದಲಾಯಿತು. ಆದರೆ ಇದೇ ಸೀಮೆಯ ಕಪ್ಪತಗುಡ್ಡದ ಕಲ್ಲು ಭೂವಿಜ್ಞಾನಿಗಳ ಪಾಲಿಗೆ ಇಂದಿಗೂ ‘ಧಾರವಾಡ’ದ್ದೇ.

ಹೆಸರಿಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫುಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧ ಪತ್ತೆ ಮಾಡಿದವರೂ ಇವರೇ. ಅಂದಿನ ದಾಖಲೆಗಳಲ್ಲಿ ‘ಡಂಬಳ ಗುಡ್ಡಗಳು’ ಎನಿಸಿಕೊಂಡಿದ್ದ ಕಪ್ಪತಗುಡ್ಡದ ಚಿನ್ನದ ಕಲ್ಲುಗಳ ಬಗ್ಗೆ ಅವರು 1874ರಲ್ಲಿ ಬರೆದರು. ಹಳ್ಳದ ಮರಳು ಜಾಲಿಸಿ ಚಿನ್ನದ ಪುಡಿ ತೆಗೆಯುವವರು ಅಲ್ಲಿ ಅದಕ್ಕೂ ಮೊದಲೇ ಇದ್ದರು! 1888ರ ಲೇಖನದಲ್ಲಿ ಫುಟ್ ಇಂಥ ಕಲ್ಲುಗಳನ್ನೆಲ್ಲ ‘ಧಾರವಾಡ ಸಿಸ್ಟಮ್’ ಎಂದು ಕರೆದು, ದಕ್ಷಿಣ ಭಾರತದಲ್ಲಿ ಚಿನ್ನವಿರುವ ಮುಖ್ಯ ಶಿಲಾಶ್ರೇಣಿ ಇದೇ ಎಂದರು. ಆಂಗ್ಲ ಅಧಿಕಾರಿಗಳ ನಾಲಿಗೆಯಲ್ಲಿ ‘ಡ’ ‘ರ’ ಆಯಿತು. ಊರಿನ ಹೆಸರು ಇಂಗ್ಲಿಷಿನಲ್ಲೂ ಸರಿಹೋಗಿದ್ದರೂ ಭೂವಿಜ್ಞಾನದ ಗ್ರಂಥಗಳಲ್ಲಿ ಅದು ಇನ್ನೂ ‘ಧಾರವಾರ್’.

ಈ ಕಲ್ಲಿನ ಕತೆ ಬಲು ಹಳೆಯದು. ಸುಮಾರು 250ರಿಂದ 290 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ, ಅದರ ಮೇಲೆ ಕೂತ ಮಣ್ಣು, ಮರಳು, ಕಬ್ಬಿಣದ ಪದರುಗಳು ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಡಚಿಕೊಂಡವು. ಎಷ್ಟೋ ಕಡೆ ಪದರುಗಳು ಗೋಡೆಯಂತೆ ನೆಟ್ಟಗೆ ನಿಂತಿವೆ. ಗದಗ ಸೀಮೆಯ ಇಂಥ ಪಟ್ಟಿ ಚಿತ್ರದುರ್ಗದ ಪಟ್ಟಿಯ ಉತ್ತರದ ಮುಂದುವರಿಕೆ.

ಮುಂದೆ ಈ ವಿಶೇಷಣ ಊರು ಬಿಟ್ಟು ಬಹುದೂರ ನಡೆಯಿತು. ರಾಜಸ್ಥಾನದ ಅರಾವಳಿ, ಬಿಹಾರದ (ಈಗ ಜಾರ್ಖಂಡ್) ಸಿಂಗಭೂಮ್, ಎಲ್ಲಿ ಹಳೆಯ ಪದರುಗಲ್ಲು ಕಂಡರೂ ‘ಧಾರವಾಡ’ವೇ. ಕಲ್ಲುಗಳ ವಯಸ್ಸನ್ನು ಅಳೆಯುವ ವಿಧಾನಗಳು ಬಂದ ಮೇಲೆ ಅವೆಲ್ಲ ಒಂದೇ ಕಾಲದವಲ್ಲವೆಂದು ತಿಳಿಯಿತು. ವಿಜ್ಞಾನಿಗಳು ಹೆಸರನ್ನು ಮುಖ್ಯವಾಗಿ ಕರ್ನಾಟಕ ಮತ್ತು ಅದರ ಆಸುಪಾಸಿಗೆ ಮಿತಿಗೊಳಿಸಿದರು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಮಾತ್ರ ಹಳೆಯ ಪಾಠವನ್ನೇ ಒಪ್ಪಿಸುತ್ತಿವೆ. ಅಭ್ಯರ್ಥಿಗಳು ಎಚ್ಚರದಿಂದಿರುವುದು ಒಳಿತು.

ಫುಟ್ ಅಂಟಿಸಿದ ಚಿನ್ನದ ಹೊಳಪು ಈ ಪದವನ್ನು ಬಿಟ್ಟಿಲ್ಲ. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಇಲ್ಲಿ ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ನೂರು ವರ್ಷದ ನಂತರ ಮತ್ತೆ ಗಣಿಯ ಮಾತೆದ್ದಾಗ, ಔಷಧಿ ಸಸ್ಯಗಳ ಈ ಗುಡ್ಡಕ್ಕಾಗಿ ಗದುಗಿನ ಜನ ಬೀದಿಗಿಳಿದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು.